ಲಾವ್ ಪಾ ಸಾತ್‌ನಲ್ಲಿ ಮಧ್ಯಾಹ್ನದ ಊಟ

ಸಿಂಗಪುರದ ಲಾವ್ ಪಾ ಸಾತ್‌ಗೆ ಇಂದು ಮಧ್ಯಾಹ್ನ ಹೋದಾಗ ಸುತ್ತಲಿನ ಕಚೇರಿಗಳ ಜನರೆಲ್ಲ ಅಲ್ಲಿ ನೆರೆದಿದ್ದರು. ಎರಕದ ಕಬ್ಬಿಣದ ಕಂಬಗಳಿರುವ, 1894ರಲ್ಲಿ ಕಟ್ಟಿದ, ಈಗ ತಿಂಡಿ ಅಂಗಡಿಗಳಿರುವ ಈ ಎಂಟು ಮೂಲೆಯ ಹಳೆಯ ಮಾರುಕಟ್ಟೆಯಲ್ಲಿ, ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣವೊಂದು ಇದ್ದರೆ ಆ ಜಾಗವನ್ನು ಯಾರೋ ಹಿಡಿದಿಟ್ಟಿದ್ದಾರೆಂದೇ ಅರ್ಥ. ಆ ಸಣ್ಣ ಗುರುತನ್ನು ಎಲ್ಲರೂ ಗೌರವಿಸುವುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಜಾಗ ಸಿಕ್ಕಿತು, ಆದರೆ ಏನು ತಿನ್ನುವುದೆಂದು ತೀರ್ಮಾನಿಸಲು ಅಂಗಡಿಗಳ ಸಾಲನ್ನು ಎರಡು ಸುತ್ತು ಹಾಕಬೇಕಾಯಿತು. ತೆಂಗಿನ ಹಾಲಿನಲ್ಲಿ ಕುದಿಯುವ ಲಕ್ಸಾ ಎಂಬ ನೂಡಲ್ಸ್ ಸಾರಿನ ಘಮ ನನ್ನನ್ನು ಬಹಳ ಹೊತ್ತು ನಿಲ್ಲಿಸಿತಾದರೂ, ಅದರ ಮಸಾಲೆಗೆ ಒಣಸೀಗಡಿಯನ್ನು ಅರೆದು ಹಾಕುತ್ತಾರೆಂದು ತಿಳಿದಿದ್ದ ಸಸ್ಯಾಹಾರಿಯಾದ ನಾನು ಮುಂದೆ ನಡೆದೆ. ಹಣ್ಣು ತರಕಾರಿಗಳ ರೊಜಾಕ್‌ನ ಕಪ್ಪು ಗೊಜ್ಜಿನಲ್ಲಿಯೂ ಸೀಗಡಿಯೇ ಇರುತ್ತದೆ.

ಕೊನೆಗೆ, ಇಲ್ಲಿನವರು 'ತೋಸೈ' ಎನ್ನುವ ನಮ್ಮ ದೋಸೆಯನ್ನೇ ಕೇಳಿ ಪಡೆದೆ. ಸಮುದ್ರ ದಾಟಿ ಬಂದು ದೋಸೆಯನ್ನೇ ತಿನ್ನಬೇಕೇ ಎಂಬ ಪ್ರಶ್ನೆ ಕ್ಷಣಕಾಲ ಮನಸ್ಸಿಗೆ ಬಂತು. ಆದರೆ ತಲೆಮಾರುಗಳ ಹಿಂದೆ ದಕ್ಷಿಣ ಭಾರತದಿಂದ ದುಡಿಯಲು ಬಂದವರು ತಮ್ಮೊಂದಿಗೆ ತಂದ ಈ ತಿಂಡಿಯೂ ಲಕ್ಸಾದಷ್ಟೇ ಈ ಊರಿನದು ಎನ್ನಿಸಿತು. ಸಾಂಬಾರು ಚೆನ್ನಾಗಿ ಬಿಸಿಯಾಗಿತ್ತು. ಎದುರಿಗೆ ಕುಳಿತಿದ್ದ ಅಪರಿಚಿತ ಹಿರಿಯರೊಬ್ಬರು ನನ್ನ ತಟ್ಟೆ ನೋಡಿ ಮುಗುಳ್ನಕ್ಕು, ತಾವೂ ಎದ್ದು ಅದೇ ಅಂಗಡಿಯ ಸಾಲಿನಲ್ಲಿ ನಿಂತರು.