ತಲೆ ಎತ್ತಿ ನೋಡಿದವರು

ಇಂದು ಇಡೀ ಮಧ್ಯಾಹ್ನ ಏಡಾ ಲೂಯಿಸ್ ಹಕ್ಸ್‌ಟಬಲ್ ಅವರ ಬಗ್ಗೆ ಓದುತ್ತಾ ಕಳೆದೆ. ಮಾಡಬೇಕಿದ್ದ ಕೆಲಸ ಹಾಗೆಯೇ ಬಿದ್ದಿದೆ, ಬೇಸರವೇನೂ ಇಲ್ಲ.

1963ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವರನ್ನು ವಾಸ್ತುಶಿಲ್ಪ ವಿಮರ್ಶಕಿಯಾಗಿ ನೇಮಿಸಿತು. ಅಮೆರಿಕದ ದಿನಪತ್ರಿಕೆಯೊಂದರಲ್ಲಿ ಅದಕ್ಕೆಂದೇ ಪೂರ್ಣಾವಧಿ ಹುದ್ದೆ ಪಡೆದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಒಡೆಯತೊಡಗಿದರು. ಅದನ್ನು ವಿರೋಧಿಸಿ ಇವರು ಬರೆದರು, ಕಟ್ಟಡ ಉಳಿಯಲಿಲ್ಲ. ಆದರೆ 1965ರಲ್ಲಿ ಹಳೆಯ ಕಟ್ಟಡಗಳನ್ನು ಕಾಯುವ ಕಾನೂನು ಆ ನಗರಕ್ಕೆ ಬಂತು. 1970ರಲ್ಲಿ ವಿಮರ್ಶೆಗೆಂದು ಕೊಟ್ಟ ಮೊಟ್ಟಮೊದಲ ಪುಲಿಟ್ಜರ್ ಪ್ರಶಸ್ತಿ ಅವರ ಪಾಲಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಶಸ್ತಿಯಲ್ಲ, ಅವರ ಕೊನೆಯ ದಿನಗಳು. 2012ರ ಡಿಸೆಂಬರ್‌ನಲ್ಲಿ, 91ರ ವಯಸ್ಸಿನಲ್ಲಿ, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಪುಸ್ತಕದ ಅಟ್ಟಣಿಗೆಗಳನ್ನು ಕಿತ್ತುಹಾಕುವ ಯೋಜನೆಯನ್ನು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಝಾಡಿಸಿದರು. ಜನವರಿಯಲ್ಲಿ ತೀರಿಕೊಂಡರು. 2014ರಲ್ಲಿ ಗ್ರಂಥಾಲಯ ಆ ಯೋಜನೆಯನ್ನು ಕೈಬಿಟ್ಟಿತು, ನೋಡಲು ಅವರಿರಲಿಲ್ಲ.

ಸಿನಿಮಾ ಹಿಡಿಸದಿದ್ದರೆ ಎದ್ದು ಬರಬಹುದು. ಕಟ್ಟಡ ಹಿಡಿಸದಿದ್ದರೆ? ದಿನವೂ ಅದರ ಮುಂದೆಯೇ ಹಾದುಹೋಗಬೇಕು. ನಾನಂತೂ ಹತ್ತು ವರ್ಷಗಳಿಂದ ಕೂರುವ ಕಚೇರಿಗೆ ಎಷ್ಟು ಮಹಡಿಗಳಿವೆ ಎಂದು ಈಗ ನೆನಪಿಸಿಕೊಳ್ಳಲು ಹೆಣಗುತ್ತಿದ್ದೇನೆ. ಏಳೋ ಎಂಟೋ?