ವೇಗೋತ್ಕರ್ಷ ಅಂದಿದ್ದಕ್ಕೆ

"ಕೂತ್ಕೊಳಮ್ಮ, ನಿಧಾನಕ್ಕೆ ಬರುತ್ತೆ."

ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಮ್ಮಲ್ಲಿ ಓದಿ ಈಗ ಪಿಯುಸಿ ಸೇರಿದೀನಿ, ಇಲ್ಲಿ ಪಾಠ ಎಲ್ಲಾ ಇಂಗ್ಲಿಷಲ್ಲಿ. ಮಂಗಳವಾರ ಫಿಸಿಕ್ಸ್ ಕ್ಲಾಸಲ್ಲಿ ಸರ್ ನಂಗೆ ಹೇಳಿದ್ದು ಇಷ್ಟೇ. ಬೈಲಿಲ್ಲ, ಮೆತ್ತಗೇ ಹೇಳಿದ್ರು. ಇವತ್ತು ಶನಿವಾರ, ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಏನು ನಿಧಾನಕ್ಕೆ ಬರೋದು? ಫಿಸಿಕ್ಸಾ, ಇಂಗ್ಲಿಷಾ? ನಂಗೆ ಬರಲ್ಲ ಅಂತ ಅವರು ಅಂದ್ಕೊಂಡಿದ್ದು ಯಾವುದನ್ನ?

ಆಗಿದ್ದು ಇಷ್ಟು. ಮೋಷನ್ ಚಾಪ್ಟರ್ ನಡೀತಿತ್ತು. ಒಂದು ಚೆಂಡನ್ನ ನೇರ ಮೇಲಕ್ಕೆ ಎಸೆದ್ರೆ ತುತ್ತತುದಿಗೆ ಹೋದಾಗ ಅದರ ವೆಲಾಸಿಟಿ ಸೊನ್ನೆ, ಹಾಗಾದ್ರೆ ಆಕ್ಸೆಲರೇಷನ್ ಎಷ್ಟು ಅಂತ ಸರ್ ಕೇಳಿ ನನ್ ಕಡೆ ಕೈ ತೋರಿಸಿದ್ರು. ನಂಗೆ ಗೊತ್ತಿತ್ತು, ನಿಜವಾಗ್ಲೂ ಗೊತ್ತಿತ್ತು, ಗುರುತ್ವ ಎಳೆಯೋದ್ರಿಂದ ಬರೋ 9.8 ಅಂತ ನೋಟ್ಸ್ ಅಂಚಲ್ಲಿ ಆಗ್ಲೇ ಬರ್ಕೊಂಡೂ ಇದ್ದೆ. ಎದ್ದು ನಿಂತು "ಸರ್, ವೇಗೋತ್ಕರ್ಷ" ಅಂದೆ, ಆಕ್ಸೆಲರೇಷನ್ನಿಗೆ ನಾವು ಕನ್ನಡದಲ್ಲಿ ಕಲಿತ ಪದ ಅದು. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ ಅಂದ್ರು. "ಇಂಗ್ಲಿಷಲ್ಲಿ ಹೇಳಮ್ಮ" ಅಂದ್ರು ಸರ್. ಅಷ್ಟೇ, ನಾಲಿಗೆ ಒಣಗಿ ಹೋಯ್ತು. ಮೊದಲ ಪದ ಯಾವುದು ಅಂತಾನೇ ಹೊಳೀಲಿಲ್ಲ. ಆಗ್ಲೇ ಅವರು ಹೇಳಿದ್ದು, ಕೂತ್ಕೊಳಮ್ಮ ಅಂತ.

ಆಮೇಲೆ ಮುಂದಿನ ಬೆಂಚಿನ ಹುಡುಗ ಎದ್ದ. ಅವನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ, ಒಳ್ಳೇ ಹುಡುಗ, ಅವನ ಮೇಲೆ ನಂಗೇನೂ ಸಿಟ್ಟಿಲ್ಲ. ಚೆಂಡು ಅಲ್ಲಿ ರೆಸ್ಟಲ್ಲಿ ಇರುತ್ತೆ, ಹಾಗಾಗಿ ಆಕ್ಸೆಲರೇಷನ್ನೂ ಸೊನ್ನೆ ಅಂತ ನೀಟಾಗಿ, ಎಲ್ಲೂ ತಡವರಿಸದೆ, ಪೂರ್ತಿ ಇಂಗ್ಲಿಷಲ್ಲಿ ಹೇಳಿದ. ತಪ್ಪು ಉತ್ತರ. ಸರ್ "ಗುಡ್ ಟ್ರೈ" ಅಂತ ನಕ್ಕು, ಹಾಗಲ್ಲ ಅಂತ ವಿವರಿಸಿದ್ರು. ಯೋಚನೆ ಮಾಡಿ ತಪ್ಪಿದ ಅಂತ ಅವನಿಗೆ "ಗುಡ್ ಟ್ರೈ", ಏನೂ ಗೊತ್ತಿಲ್ಲ ಪಾಪ ಅಂತ ನಂಗೆ "ನಿಧಾನಕ್ಕೆ ಬರುತ್ತೆ". ನಾನು ಹೇಳ್ಬೇಕಂದಿದ್ದ ಉತ್ತರವನ್ನೇ ಸರ್ ಬೋರ್ಡ್ ಮೇಲೆ ಬರೆದ್ರು, ನಾನೂ ತಲೆ ಬಗ್ಸಿ ಕಾಪಿ ಮಾಡ್ಕೊಂಡೆ.

ಈ ಪಾಠ ನಮ್ ಹೈಸ್ಕೂಲ್ ವಿಜ್ಞಾನದ ಮಿಸ್ ಒಂಬತ್ತನೇ ಕ್ಲಾಸಲ್ಲಿ ಮಾಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಡಸ್ಟರ್ ಮೇಲಕ್ಕೆ ಎಸೆದು ಹಿಡಿದು, "ಮೇಲೆ ಒಂದು ಗಳಿಗೆ ನಿಂತಾಗ ಗುರುತ್ವ ರಜಾ ಹಾಕಿ ಹೋಗಿರುತ್ತೇನ್ರೋ?" ಅಂತ ಕೇಳಿದ್ರು. ಎಲ್ಲರೂ ಇಲ್ಲಾ ಮಿಸ್ ಅಂತ ಕೂಗಿದ್ವಿ. ಮತ್ತೆ ಎಸೆದ್ರು. ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಆಗಿಬಿಟ್ರೆ ಡಸ್ಟರ್ ಅಲ್ಲೇ ಗಾಳೀಲಿ ನೇತಾಡ್ಕೊಂಡು ಇರ್ಬೇಕಿತ್ತಲ್ವಾ, ಕೆಳಗೆ ಬಂತು ಅಂದ್ರೆ ಎಳೆಯೋದು ಅಲ್ಲೂ ಎಳೀತಾನೇ ಇದೆ ಅಂತ. ಸೀಮೆಸುಣ್ಣದ ಪುಡಿ ಅವರ ಸೀರೆ ತುಂಬ. ಇಂಥದ್ದನ್ನ ಯಾರಾದ್ರೂ ಮರೀತಾರಾ?

ವೇಗೋತ್ಕರ್ಷ ಏನು ನಮ್ಮ ಮನೇಲಿ ಆಡೋ ಮಾತಲ್ಲ. ಅಮ್ಮನಿಗೆ ಹೇಳಿದ್ರೆ ಅವಳಿಗೂ ಅರ್ಥ ಆಗಲ್ಲ. ಸ್ಥಾನಪಲ್ಲಟ, ಸಂವೇಗ, ಜಡತ್ವ ಎಲ್ಲಾ ನಮಗೂ ಮೊದಲು ಬಾಯಿ ತಿರುಗದ ಪದಗಳೇ, ಜವ (ಸ್ಪೀಡ್) ಬೇರೆ ವೇಗ (ವೆಲಾಸಿಟಿ) ಬೇರೆ ಅಂತ ತಿಳ್ಕೊಳ್ಳೋಕೇ ಒಂದು ವಾರ ಹಿಡೀತು. ಆದ್ರೆ ಅವನ್ನ ಕಲಿಸಿದ ಮಿಸ್ಸು ಪದದ ಸುತ್ತ ನಮ್ಮ ಮಾತಲ್ಲಿ ಮಾತಾಡ್ತಿದ್ರು, ನಾವೂ ತಪ್ಪು ಸರಿ ಏನಾದ್ರೂ ಹೇಳ್ತಿದ್ವಿ. ಇಲ್ಲಿ ಬದಲಾಗಿದ್ದು ಪದ ಮಾತ್ರ ಅಲ್ಲ, ತಪ್ಪು ಹೇಳೋ ಧೈರ್ಯವೂ ಹೋಗಿದೆ. ಅದೇ ನಂಗೆ ಜಾಸ್ತಿ ನೋವು.

ಹತ್ತನೇ ಕ್ಲಾಸಲ್ಲಿ ನಾವು ಓದಿದ ವಿಜ್ಞಾನದ ಪುಸ್ತಕ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿದೇ, ಕನ್ನಡಕ್ಕೆ ಮಾಡಿದ್ದು. ಆ ಮುಂದಿನ ಬೆಂಚಿನ ಹುಡುಗ ಇಂಗ್ಲಿಷಲ್ಲಿ ಓದಿದ್ದೂ ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ, ಸೂತ್ರದಲ್ಲಿರೋ ಅಕ್ಷರಗಳಂತೂ ನಮಗೂ ಇಂಗ್ಲಿಷಲ್ಲೇ ಇದ್ವು. ಎಸ್ಸೆಸ್ಸೆಲ್ಸಿಲಿ 625ಕ್ಕೆ 571 ಬಂದಾಗ ಸ್ಕೂಲಲ್ಲಿ ಸ್ವೀಟ್ ಹಂಚಿದ್ರು, ವಿಜ್ಞಾನದಲ್ಲಿ 94. ಮಾರ್ಚಲ್ಲಿ ಬರ್ತಿದ್ದ ವಿಷಯ ಜೂನಲ್ಲಿ ಬರಲ್ಲ ಅಂತ ಹೇಗಾಗುತ್ತೆ? ಡಾಕ್ಟರ್ ಆಗೋಕೆ ಬರೆಯೋ ನೀಟ್ ಪರೀಕ್ಷೆನೇ 2017ರಿಂದ ಕನ್ನಡದಲ್ಲೂ ಬರೀಬಹುದು, ನಮ್ಮ ಕ್ಲಾಸ್‌ರೂಮಲ್ಲಿ ಒಂದು ಪದ ಬಾಯಿಗೆ ಬಂದ್ರೆ ನಗ್ತಾರೆ.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ, ಬೇಕು, ಮುಂದೆ ಎಲ್ಲಾ ಅದರಲ್ಲೇ ಓದ್ಬೇಕು ಅಂತ ಗೊತ್ತು. ಮೊದಲ ಒಂದು ತಿಂಗಳು ಎರಡೂ ಪದ ಬೋರ್ಡ್ ಮೇಲೆ ಪಕ್ಕಪಕ್ಕ ಬರೆದಿದ್ರೆ ಸಾಕಿತ್ತು. ನನ್ನ ತಮ್ಮ ಓದೋದು ಸರ್ಕಾರಿ ಶಾಲೆಯ ಇಂಗ್ಲಿಷ್ ವಿಭಾಗದಲ್ಲಿ, ಆರನೇ ಕ್ಲಾಸು. ಅವನ ಪುಸ್ತಕದಲ್ಲಿ ಇಂಗ್ಲಿಷೂ ಇದೆ ಕನ್ನಡವೂ ಇದೆ. ಸಣ್ಣ ಮಕ್ಕಳಿಗೆ ಮಾಡೋಕೆ ಆಗಿದ್ದು ನಮಗೆ ಯಾಕಾಗಲ್ಲ? ಗುರುವಾರ ರಾತ್ರಿ ಅವನ ಪಕ್ಕ ಕೂತು ನಾನೇ ನೋಟ್‌ಬುಕ್ ಹಿಂದೆ ಎರಡು ಸಾಲು ಎಳೆದು ಬರೆಯೋಕೆ ಶುರು ಮಾಡಿದೆ. ವಕ್ರೀಭವನ, ರಿಫ್ರಾಕ್ಷನ್. ಪ್ರತ್ಯಾಮ್ಲ, ಬೇಸ್. ಪತ್ರಹರಿತ್ತು, ಕ್ಲೋರೋಫಿಲ್. "ಅಕ್ಕಾ, ಇದು ನಂಗೆ ಗೊತ್ತು" ಅಂತ ಅವನು ಮಧ್ಯೆ ಮಧ್ಯೆ ಹೇಳ್ತಿದ್ದ, ಕ್ಲೋರೋಫಿಲ್ ಸ್ಪೆಲಿಂಗ್ ಅವನೇ ಹೇಳ್ಕೊಟ್ಟ.

ಸರ್ ಕೆಟ್ಟವರಲ್ಲ, ಇದನ್ನ ಬರೀಲೇಬೇಕು. ಪಾಠ ಚೆನ್ನಾಗಿ ಮಾಡ್ತಾರೆ, ಯಾರನ್ನೂ ಹೀಯಾಳಿಸಲ್ಲ. "ಇಂಗ್ಲಿಷಲ್ಲಿ ಹೇಳು" ಅನ್ನೋ ಬದಲು "ಸರಿ, ಕನ್ನಡದಲ್ಲೇ ಹೇಳು" ಅಂದಿದ್ರೆ ಮುಗೀತಿತ್ತು, ಅವರ ಮನೆಮಾತೂ ಕನ್ನಡವೇ. ಸ್ಟಾಫ್‌ರೂಮಿಗೆ ಹೋಗಿ ಹೇಳೋಣ ಅಂತ ಬುಧವಾರ ಬಾಗಿಲ ತನಕ ಹೋಗಿದ್ದೆ, ವಾಪಸ್ ಬಂದೆ.

ನಿನ್ನೆ ಸಂಜೆ ಸಾಗರ ಬಸ್‌ಸ್ಟ್ಯಾಂಡಲ್ಲಿ ಜೋರು ಮಳೆ, ಬಸ್ಸು ಲೇಟು. ನನ್ನ ಬೆಂಚಲ್ಲೇ ಕೂರೋಳು, ಸೇರಿದಾಗಿಂದ ಸರಿಯಾಗಿ ಮಾತೇ ಆಡದೋಳು, ಕೊಡೆ ಮಡಚ್ತಾ ಕೇಳಿದ್ಲು, "ಅವತ್ತು ನಿಂಗೆ ಉತ್ತರ ಗೊತ್ತಿತ್ತಲ್ವಾ? ನೋಟ್ಸಲ್ಲಿ ಬರ್ದಿದ್ದು ನೋಡ್ದೆ."

ಹ್ಞೂಂ ಅಂದೆ.

"ನಂಗೂ ಗೊತ್ತಿತ್ತು ಕಣೆ" ಅಂದ್ಲು. "ನನ್ನ ಕೇಳದೇ ಇರ್ಲಿ ಅಂತ ತಲೆ ಬಗ್ಸಿ ಕೂತಿದ್ದೆ."