ಲಾರಾಪಿಂಟಾ ತಯಾರಿ: ಆರು ಲೀಟರ್ ನೀರಿನ ಲೆಕ್ಕ

ಮಧ್ಯ ಆಸ್ಟ್ರೇಲಿಯಾದ ಒಣ ಬೆಟ್ಟಸಾಲಿನ ಕಾಲುದಾರಿ ಲಾರಾಪಿಂಟಾಕ್ಕೆ ಹೊರಡಲು ಇನ್ನು ಏಳೇ ವಾರ. ವಿಮಾನದ ಟಿಕೆಟ್, ಕ್ಯಾಂಪ್ ಬುಕಿಂಗ್, ಕೊನೆಗೆ ರೆಡ್‌ಬ್ಯಾಂಕ್ ಗಾರ್ಜ್‌ನಿಂದ ವಾಪಸ್ ಕರೆತರುವ ಗಾಡಿ, ಮೂರೂ ಗೊತ್ತುಮಾಡಿದ್ದಾಯಿತು. ಜುಲೈ ಎರಡನೇ ವಾರ ಆಲಿಸ್ ಸ್ಪ್ರಿಂಗ್ಸ್‌ನ ಹಳೆಯ ಟೆಲಿಗ್ರಾಫ್ ಸ್ಟೇಷನ್ ಹತ್ತಿರ ನಡಿಗೆ ಶುರು. ಅಲ್ಲಿಂದ ಪಶ್ಚಿಮಕ್ಕೆ 223 ಕಿ.ಮೀ., ಒಟ್ಟು 12 ಸೆಕ್ಷನ್. 1,380 ಮೀಟರ್ ಎತ್ತರದ ಮೌಂಟ್ ಸೋಂಡರ್‌ನಲ್ಲಿ ಮುಗಿಯುತ್ತದೆ. ನಾನು 15 ದಿನ ಇಟ್ಟುಕೊಂಡಿದ್ದೇನೆ.

ಈ ವಾರವೆಲ್ಲ ತಲೆಯಲ್ಲಿ ಓಡಿದ್ದು ನೀರೊಂದೇ. ಕುಮಾರ ಪರ್ವತಕ್ಕೆ ಹೋಗುವಾಗ ಗಿರಿಗದ್ದೆಯಲ್ಲಿ ಬಾಟಲಿ ತುಂಬಿಸಿಕೊಂಡರೆ ಧೈರ್ಯವಾಗಿ ಹತ್ತಬಹುದಿತ್ತು. ಇಲ್ಲಿ ಹಳ್ಳಗಳೆಂದರೆ ಬಹುಪಾಲು ಒಣ ಮರಳು. ಸೆಕ್ಷನ್‌ಗಳ ತುದಿಯಲ್ಲಿ ನೀರಿನ ಟ್ಯಾಂಕ್ ಇಟ್ಟಿದ್ದಾರೆ, 31 ಕಿ.ಮೀ. ಉದ್ದದ ಆರನೇ ಸೆಕ್ಷನ್‌ಗೆ ನಡುವೆ ರಾಕಿ ಗಲ್ಲಿಯಲ್ಲೂ ಒಂದಿದೆ. ಆದರೆ ನನ್ನ ಆಸೆ ಇರುವುದು ನಾಲ್ಕನೇ ಸೆಕ್ಷನ್ನಿನ ಬ್ರಿಂಕ್ಲಿ ಬ್ಲಫ್ ಮೇಲೆ. 1,209 ಮೀಟರ್ ಎತ್ತರದ ಆ ಕಲ್ಲಿನ ನೆತ್ತಿಯಲ್ಲಿ ರಾತ್ರಿ ಮಲಗಬೇಕು, ಅಲ್ಲೇ ಬೆಳಗಾಗಬೇಕು. ಅಲ್ಲಿ ಹನಿ ನೀರಿಲ್ಲ. ಆ ಸೆಕ್ಷನ್ ಶುರುವಾಗುವ ಸ್ಟ್ಯಾಂಡ್ಲಿ ಕ್ಯಾಸಮ್‌ನಲ್ಲಿ ತುಂಬಿಸಿಕೊಂಡದ್ದೇ ಮರುದಿನ ಬರ್ತ್‌ಡೇ ವಾಟರ್‌ಹೋಲ್ ಮುಟ್ಟುವವರೆಗೂ ಬರಬೇಕು. ಕುಡಿಯಲು, ಅಡುಗೆಗೆ ಸೇರಿ ನನಗೆ ಆರು ಲೀಟರ್.

ಹೊರೆಯಲ್ಲೂ ಅದೇ ಅತಿ ಭಾರದ ದಿನ. ಸಾಮಾನು 9.4 ಕಿಲೋ, ಮುಂದಿನ ಊಟದ ಡಬ್ಬಿ ಸಿಗುವ ಎಲರಿ ಕ್ರೀಕ್‌ವರೆಗಿನ ಐದು ದಿನದ ಊಟ 3.3, ನೀರು 6. ಒಟ್ಟು 18.7. ಶನಿವಾರ ಅಷ್ಟನ್ನೂ ಹೊತ್ತು ಮೆಲ್ಬರ್ನ್ ಹೊರವಲಯದ ಡ್ಯಾಂಡೆನಾಂಗ್ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೆ. ಅರ್ಧದಾರಿಯಲ್ಲಿ ಸೊಂಟ ತಣ್ಣಗಾಯಿತು. ಬ್ಯಾಗ್ ಇಳಿಸಿ ನೋಡಿದರೆ ಆರು ಲೀಟರಿನ ಮೆತ್ತನೆ ನೀರಿನ ಚೀಲ ಮುಚ್ಚಳದ ಕೆಳಗಿನ ಹೊಲಿಗೆಯಲ್ಲಿ ಬೆವರಿದಂತೆ ಜಿನುಗುತ್ತಿತ್ತು, ಜಾಕೆಟ್ ಪೂರ್ತಿ ತೊಯ್ದಿತ್ತು. ಇದು ಬ್ರಿಂಕ್ಲಿ ಹತ್ತುವಾಗ ಆಗಿದ್ದರೆ ಎಂದು ನೆನೆದೇ ಹೆದರಿಕೆಯಾಯಿತು. ಈಗ ಒಂದೂವರೆ ಲೀಟರಿನ ನಾಲ್ಕು ಬಾಟಲಿ ತೆಗೆದಿಟ್ಟಿದ್ದೇನೆ. ಒಂದು ಸೋರಿದರೂ ಮೂರು ಉಳಿಯುತ್ತವೆ. ಜುಲೈ ರಾತ್ರಿ ಅಲ್ಲಿ ಸೊನ್ನೆಗಿಂತ ಕೆಳಕ್ಕೆ ಇಳಿಯುವುದುಂಟು, ಹಾಗಾಗಿ ಬಾಟಲಿಗಳೂ ಟೆಂಟ್ ಒಳಗೇ ಮಲಗಲಿ.

ಊಟದ ಕೆಲಸ ಚೆನ್ನಾಗಿ ಸಾಗಿದೆ. ತೊಗರಿಬೇಳೆ ಬೇಯಿಸಿ ಒಣಗಿಸಿದ್ದು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಇಟ್ಟರೂ ಹಲ್ಲಿಗೆ ಸಿಗುತ್ತಿತ್ತು. ಹೆಸರುಬೇಳೆಯನ್ನು ಅನ್ನದ ಜೊತೆ ಮುದ್ದೆಯಾಗುವಂತೆ ಬೇಯಿಸಿ, ತಟ್ಟೆಗೆ ತೆಳ್ಳಗೆ ಬಳಿದು ಒಣಗಿಸಿದರೆ ಸಂಡಿಗೆಯ ಹಾಗೆ ಗರಿಗರಿಯಾಗಿ ಎದ್ದು ಬರುತ್ತದೆ. ಪುಡಿಮಾಡಿ ಜೀರಿಗೆ, ಮೆಣಸು ಬೆರೆಸಿದ್ದೇನೆ. ಹತ್ತೇ ನಿಮಿಷಕ್ಕೆ ಪೊಂಗಲ್! ಜೊತೆಗೆ ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ. ಗ್ಯಾಸ್ ಕ್ಯಾನ್ ವಿಮಾನದಲ್ಲಿ ಒಯ್ಯುವಂತಿಲ್ಲ, ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ಕೊಳ್ಳಬೇಕು.

ಮುಂಚೆಯೇ ಇಟ್ಟುಬರುವ ಊಟದ ಡಬ್ಬಿ ಮೂರು: ಸ್ಟ್ಯಾಂಡ್ಲಿ ಕ್ಯಾಸಮ್, ಎಲರಿ ಕ್ರೀಕ್, ಆರ್ಮಿಸ್ಟನ್ ಗಾರ್ಜ್. ಎಲರಿಯ ನಾಲ್ಕು ದಿನದ ಪೊಟ್ಟಣ ಇನ್ನೂ ಅರ್ಧ ಖಾಲಿ. ಇವತ್ತು ರಾತ್ರಿ ಇನ್ನೊಂದು ಕಿಲೋ ಹೆಸರುಬೇಳೆ ಬೇಯಲು ಇಡುತ್ತೇನೆ.